ಪಹಣಿಯ ಪುಟ

ನಾರಾಯಣಪುರದಲ್ಲಿ ಕೃಷ್ಣಾ ನದಿಗೆ ಕಟ್ಟಿದ ಬಸವಸಾಗರದ ನೀರು ಕಾಲುವೆಗಳ ಮೂಲಕ ಸುರಪುರ, ಶಹಾಪುರಗಳ ಹೊಲಗಳಿಗೆ ಹರಿಯುತ್ತದೆ. ಆ ಹೊಲ ಯಾರದೆಂಬುದಕ್ಕೆ ಮುಖ್ಯ ದಾಖಲೆ ಪಹಣಿ. ಬೆಳೆಸಾಲಕ್ಕೂ ಅದು ಬೇಕು, ಅಣ್ಣತಮ್ಮಂದಿರ ಪಾಲಿಗೂ ಬೇಕು. ಹಿಂದೆ ಗ್ರಾಮಲೆಕ್ಕಿಗರ ಕೈಬರಹದಲ್ಲಿದ್ದ ಈ ದಾಖಲೆಯನ್ನು 'ಭೂಮಿ' ಯೋಜನೆಯು ರಾಜ್ಯದ 177 ತಾಲ್ಲೂಕುಗಳಲ್ಲಿ ಗಣಕಯಂತ್ರಕ್ಕೆ ಸೇರಿಸಿತು. ಮೊದಲು ತಾಲ್ಲೂಕು ಕಚೇರಿಯ ಕಿಂಡಿಯಲ್ಲಿ ದೊರೆಯುತ್ತಿದ್ದ ಪಹಣಿ ಅನಂತರ ಅಂತರಜಾಲಕ್ಕೂ ಬಂದಿತು.

ಇಂತಹ ಪುಟವನ್ನು ಎರಡು ಬಗೆಯಲ್ಲಿ ಕಳುಹಿಸಬಹುದು. ದೂರದ ಸರ್ವರ್ ಯಂತ್ರವೇ ಪುಟವನ್ನು ಪೂರ್ಣವಾಗಿ ಸಿದ್ಧಪಡಿಸಿ ಕಳುಹಿಸುವುದು ಒಂದು. ಇದು ರೊಟ್ಟಿ ಬಡಿದು, ಪಲ್ಯವಿಟ್ಟು ಬುತ್ತಿ ಕಟ್ಟಿಕೊಟ್ಟಂತೆ. ಇನ್ನೊಂದರಲ್ಲಿ ಬರುವುದು ಬರಿದಾದ ಪುಟ ಮತ್ತು ಅದನ್ನು ತುಂಬುವ ಆದೇಶಗಳ ಸರಣಿ. ಹಿಟ್ಟು ಬಂದಿದೆ, ರೊಟ್ಟಿಯನ್ನು ಓದುಗನ ಮೊಬೈಲೇ ಬಡಿಯಬೇಕು! ಈ ಆದೇಶಗಳ ಭಾಷೆಯೇ ಜಾವಾಸ್ಕ್ರಿಪ್ಟ್. 1995ರಲ್ಲಿ ನೆಟ್‌ಸ್ಕೇಪ್ ಸಂಸ್ಥೆಯಲ್ಲಿದ್ದ ಬ್ರೆಂಡನ್ ಐಕ್ ಇದರ ಮೊದಲ ರೂಪವನ್ನು ಹತ್ತೇ ದಿನಗಳಲ್ಲಿ ರಚಿಸಿದನು.

ಇದರ ಉಪಕಾರವನ್ನು ಅಲ್ಲಗಳೆಯಲಾಗದು. ಸರ್ವೆ ನಂಬರನ್ನು ತಪ್ಪಾಗಿ ತುಂಬಿದರೆ ಒಡನೆಯೇ ಎಚ್ಚರಿಸುವುದು, ನಕ್ಷೆಯನ್ನು ಬೆರಳಿನಿಂದ ಹಿಗ್ಗಿಸಿ ನೋಡಗೊಡುವುದು ಇದರಿಂದಲೇ ಸುಲಭವಾಯಿತು. ಆದರೆ ಪಹಣಿಯು ನಕ್ಷೆಯಲ್ಲ. ಹೆಸರು ಮತ್ತು ಅಂಕಿಗಳ ಪಟ್ಟಿ. ಅದನ್ನು ತೋರಿಸಲೂ ಸ್ಕ್ರಿಪ್ಟನ್ನೇ ನೆಚ್ಚಿಕೊಳ್ಳಬೇಕೆ?

ಜಾವಾಸ್ಕ್ರಿಪ್ಟನ್ನು ಬೇಕೆಂದೇ ನಿಲ್ಲಿಸುವವರು ಅತಿ ವಿರಳ, ಅವರಿಗಾಗಿ ಇಷ್ಟು ಶ್ರಮವೇಕೆ ಎಂದು ಕೆಲವರು ವಾದಿಸುತ್ತಾರೆ. ಬ್ರಿಟನ್ನಿನ ಸರಕಾರ 2013ರಲ್ಲಿ ತನ್ನ ಜಾಲತಾಣದಲ್ಲಿ ಇದನ್ನು ಎಣಿಸಿ ನೋಡಿತು. ನೂರಕ್ಕೆ 1.1ರಷ್ಟು ಭೇಟಿಗಳಲ್ಲಿ ಸ್ಕ್ರಿಪ್ಟು ಕೆಲಸ ಮಾಡಿರಲಿಲ್ಲ. ಅದನ್ನು ನಿಲ್ಲಿಸಿದ್ದ ಇಲ್ಲವೆ ಅದನ್ನು ಅರಿಯದ ಬ್ರೌಸರುಗಳ ಪಾಲು ಕೇವಲ 0.2. ಉಳಿದ 0.9ರಲ್ಲಿ ಬ್ರೌಸರ್ ಸಮರ್ಥವಾಗಿದ್ದರೂ ಸ್ಕ್ರಿಪ್ಟು ನಡೆದಿರಲಿಲ್ಲ. ಸಂಪರ್ಕ ನಡುವೆ ಕಡಿದರೆ, ಕಡತ ಅರ್ಧಕ್ಕೆ ನಿಂತರೆ ಹೀಗಾಗುತ್ತದೆ. ಅದು ಸೌಕರ್ಯವುಳ್ಳ ದೇಶದ ಲೆಕ್ಕ. ಗುಡ್ಡದ ಮರೆಯ ಹಳ್ಳಿಯಲ್ಲಿ, ಸಂಕೇತ ಬಂದು ಹೋಗುವೆಡೆಯಲ್ಲಿ, ಹಳೆಯ ಮೊಬೈಲ್ ಹಿಡಿದ ರೈತನ ಪಾಡೇನು? ಪರದೆ ಬಿಳಿಯಾಗಿಯೇ ಉಳಿಯುತ್ತದೆ. ಆ ದಿನದ ಕೂಲಿ ಬಿಟ್ಟು, ಬಸ್ಸಿನ ದುಡ್ಡು ತೆತ್ತು ಆತ ತಾಲ್ಲೂಕಿಗೆ ಹೋಗಬೇಕು.

ಸ್ಕ್ರಿಪ್ಟನ್ನು ತೊರೆಯದೆಯೂ ಇದಕ್ಕೆ ದಾರಿಯುಂಟು. ಸರ್ವರ್ ಮೊದಲು ಪಟ್ಟಿಯನ್ನು ಸಾದಾ ಪುಟವಾಗಿ ಕಳುಹಿಸುವುದು, ಸ್ಕ್ರಿಪ್ಟು ಬಂದರೆ ಅದರ ಮೇಲೆ ಹೆಚ್ಚಿನ ಅನುಕೂಲಗಳನ್ನು ಕೂಡಿಸುವುದು. ಕಟ್ಟುವವರಿಗೆ ಕೆಲಸ ತುಸು ಹೆಚ್ಚುತ್ತದೆ, ನಿಜ. ಆದರೆ ಸ್ಕ್ರಿಪ್ಟು ಬಾರದ ದಿನವೂ ಖಾತೆದಾರನ ಹೆಸರು, ಸರ್ವೆ ನಂಬರು, ಎಕರೆ-ಗುಂಟೆಗಳು ಪರದೆಯ ಮೇಲೆ ಇರುತ್ತವೆ.