ಮಂದ್ರನಾದಕ್ಕೆ ಎಷ್ಟು ಸ್ಥಳ ಬೇಕು?

ಶ್ರೀರಾಮನವಮಿಯ ಕಾಲದಲ್ಲಿ ಚಾಮರಾಜಪೇಟೆಯ ಕೋಟೆ ಪ್ರೌಢಶಾಲೆಯ ಆವರಣದಲ್ಲಿ ಕಚೇರಿ ಕೇಳಿದವರಿಗೆ ಒಂದು ಅನುಭವ ಚೆನ್ನಾಗಿ ಪರಿಚಿತವಾದುದು. ವಿದ್ವಾಂಸರು ಬಾಯಿ ತೆರೆಯುವುದಕ್ಕೆ ಮೊದಲೇ ತಂಬೂರಿಯ ನಾದ ಚಪ್ಪರವನ್ನೆಲ್ಲ ತುಂಬಿಕೊಂಡಿರುತ್ತದೆ. ಅದಕ್ಕೆ ಅವಸರವೆಂಬುದಿಲ್ಲ. ಮಂದ್ರ ಷಡ್ಜದ ತಂತಿಯನ್ನು ಮೀಟಿದ ಮೇಲೆ ಆ ನಾದ ತಾನಾಗಿ ಅಡಗುವವರೆಗೂ ಕಿವಿ ಅದನ್ನು ಹಿಂಬಾಲಿಸುತ್ತದೆ. ಧ್ವನಿಯನ್ನು ಕುರಿತು 'ಆಳ', 'ಗಾಂಭೀರ್ಯ' ಎಂಬ ಮಾತುಗಳನ್ನು ನಾವು ಬಳಸುವುದು ಇಂಥ ಅನುಭವದಿಂದಲೇ.

ಅದೇ ಬಡಾವಣೆಯ ಯಾವುದೋ ಮನೆಯ ಮಹಡಿಯ ಕೊಠಡಿಯಲ್ಲಿ ಕಾಲೇಜು ವಿದ್ಯಾರ್ಥಿಯೊಬ್ಬ ಬೇರೆಯೇ ಒಂದು ಸಂಗೀತದಲ್ಲಿ ಈ ಆಳವನ್ನು ಹುಡುಕುತ್ತಿರಬಹುದು. ಆ ಸಂಗೀತಕ್ಕೆ 'ಡೂಮ್ ಮೆಟಲ್' ಎಂದು ಹೆಸರು. ಡೂಮ್ ಎಂದರೆ ತಪ್ಪಿಸಿಕೊಳ್ಳಲಾಗದ ಕೇಡು. ವಿದ್ಯುತ್ ಗಿಟಾರುಗಳ ಅಬ್ಬರದ ಸಂಗೀತಕ್ಕೆ ಅನೇಕ ಶಾಖೆಗಳುಂಟು. ಅವುಗಳಲ್ಲಿ ಹಲವು ವೇಗವನ್ನು ಬಯಸಿದರೆ ಇದು ವಿಳಂಬ ಕಾಲವನ್ನೂ ಮಂದ್ರ ಸ್ಥಾಯಿಯನ್ನೂ ಬಯಸುತ್ತದೆ. ಇದರ ಹಾಡುಗಳೂ ಬಹಳ ದೀರ್ಘ. ಬೆಂಗಳೂರಿನಲ್ಲಿಯೇ ಇಂಥ ವಾದ್ಯತಂಡಗಳು ಹುಟ್ಟಿವೆ. 'ಬೇವರ್ ಸೀ' ಎಂಬ ತಂಡ 2012ರಲ್ಲಿ ತನ್ನ ಹೆಸರನ್ನೇ ಹೊತ್ತ ಮೊದಲ ಧ್ವನಿಮುದ್ರಿಕೆಯನ್ನೂ 2015ರಲ್ಲಿ ಎರಡನೆಯದನ್ನೂ ಹೊರತಂದಿತು. ತಂಡದ ಹೆಸರನ್ನು ಇಂಗ್ಲಿಷಿನ ಪದಗಳಂತೆ ಬರೆದರೂ ಕಿವಿಗೆ ಬೀಳುವುದು ನಮ್ಮ ಬೀದಿಯ ಬೈಗುಳವೇ: ವಾರಸುದಾರರಿಲ್ಲದವನು ಎಂಬ ಅರ್ಥದ 'ಬೇವಾರ್ಸಿ'.

ಈ ಬಗೆಯ ಸಂಗೀತವನ್ನು ಕೊಂಡು ಕೇಳುವವರಲ್ಲಿ ಒಂದು ಚರ್ಚೆ ಮುಗಿಯುವುದೇ ಇಲ್ಲ. ಒಂದೇ ಧ್ವನಿಮುದ್ರಣ ಗ್ರಾಮಫೋನಿನ ಎಲ್.ಪಿ. ತಟ್ಟೆಯಾಗಿಯೂ ಕ್ಯಾಸೆಟ್ಟಾಗಿಯೂ ಸಿ.ಡಿ.ಯಾಗಿಯೂ ಬರುವುದುಂಟು. ಒಂದರಲ್ಲಿ ಕೇಳಿದಂತೆ ಇನ್ನೊಂದರಲ್ಲಿ ಕೇಳುವುದಿಲ್ಲವೆಂದು ಅವರು ಹೇಳುತ್ತಾರೆ. ಇದು ಕೇವಲ ಅಭಿಮಾನದ ಮಾತೆ, ಇಲ್ಲವೆ ಭೌತಶಾಸ್ತ್ರಕ್ಕೂ ಇದರಲ್ಲಿ ಪಾಲುಂಟೆ? ಪಾಲುಂಟು. ಅದನ್ನು ತಿಳಿಯಲು ಮೊದಲು ಈ ಮಂದ್ರನಾದ ಹುಟ್ಟುವ ಬಗೆಯನ್ನು ನೋಡೋಣ.

ಸಡಿಲಿಸಿದ ತಂತಿ

ಈ ಶಾಖೆಯ ಮೂಲವೆಂದು ಎಲ್ಲರೂ ಹೇಳುವುದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ನಗರದ 'ಬ್ಲ್ಯಾಕ್ ಸ್ಯಾಬತ್' ತಂಡವನ್ನು. ಅದರ ಮೊದಲ ತಟ್ಟೆ 1970ರ ಫೆಬ್ರವರಿ 13ರಂದು ಹೊರಬಂದಿತು. ಗಿಟಾರ್ ವಾದಕ ಟೋನಿ ಐಯೋಮಿ ಹದಿನೇಳನೆಯ ವಯಸ್ಸಿನಲ್ಲಿ ಲೋಹದ ತಗಡಿನ ಕಾರ್ಖಾನೆಯಲ್ಲಿ ದುಡಿಯುತ್ತಿದ್ದಾಗ ಬಲಗೈಯ ಎರಡು ಬೆರಳುಗಳ ತುದಿಯನ್ನು ಕಳೆದುಕೊಂಡ. ಎಡಗೈ ವಾದಕನಾದುದರಿಂದ ತಂತಿಯನ್ನು ಅದುಮಬೇಕಾದ ಕೈ ಅದೇ. ಬೆರಳಿಗೆ ಪ್ಲಾಸ್ಟಿಕ್ಕಿನ ಟೊಪ್ಪಿಗೆಗಳನ್ನು ತಾನೇ ಮಾಡಿ ತೊಡಿಸಿಕೊಂಡು ಆತ ಅಭ್ಯಾಸವನ್ನು ಮುಂದುವರಿಸಿದ. ತಂಡದ 1971ರ ಮೂರನೆಯ ತಟ್ಟೆಯ ಹಲವು ಹಾಡುಗಳಲ್ಲಿ ತಂತಿಗಳ ಶ್ರುತಿಯನ್ನು ಮೂರು ಸ್ವರಸ್ಥಾನಗಳಷ್ಟು ಕೆಳಕ್ಕೆ ಇಳಿಸಿದ.

ಇದರಿಂದ ಏನಾಯಿತು? ತಂತಿಯ ಉದ್ದವೂ ದಪ್ಪವೂ ಬದಲಾಗದಿದ್ದರೆ ಅದರ ಕಂಪನ ಸಂಖ್ಯೆ ಬಿಗಿತದ ವರ್ಗಮೂಲವನ್ನು ಅನುಸರಿಸುತ್ತದೆ. ಗಿಟಾರಿನ ಅತಿ ಮಂದ್ರ ತಂತಿ ಸಾಮಾನ್ಯವಾಗಿ ಸೆಕೆಂಡಿಗೆ ಸುಮಾರು 82 ಸಲ ಕಂಪಿಸುತ್ತದೆ. ಮೂರು ಸ್ವರಸ್ಥಾನ ಇಳಿಸಿದರೆ ಅದು 69ಕ್ಕೆ ಬರುತ್ತದೆ. ಲೆಕ್ಕ ಹಾಕಿದರೆ 100 ಪಾಲು ಇದ್ದ ಬಿಗಿತ ಸುಮಾರು 71 ಪಾಲಿಗೆ ಇಳಿದಂತಾಯಿತು. ಗಾಯಗೊಂಡ ಬೆರಳಿಗೆ ಶ್ರಮ ಕಡಿಮೆಯಾಯಿತು. ಜೊತೆಗೆ ಸಂಗೀತಕ್ಕೆ ಹೊಸದೊಂದು ಗಾಂಭೀರ್ಯ ದೊರಕಿತು.

ಇನ್ನೊಂದು ವಿಶೇಷವನ್ನು ಗಮನಿಸಿ. ಈ ವಾದಕರು ಬಿಡಿ ಸ್ವರಕ್ಕಿಂತ ಹೆಚ್ಚಾಗಿ ಷಡ್ಜ ಪಂಚಮಗಳನ್ನು ಒಟ್ಟಿಗೆ ಮೀಟುತ್ತಾರೆ. ಷಡ್ಜ ಪಂಚಮಗಳ ಕಂಪನ ಸಂಖ್ಯೆಗಳು 2ಕ್ಕೆ 3ರಂತೆ ಇರುವುವಷ್ಟೆ. ಷಡ್ಜ 69 ಆದರೆ ಪಂಚಮ ಸುಮಾರು 104. ವರ್ಧಕವನ್ನು ಅದರ ಶಕ್ತಿಗೆ ಮೀರಿ ದುಡಿಸಿ ಧ್ವನಿಯನ್ನು ಬೇಕೆಂದೇ ಒರಟು ಮಾಡಿದಾಗ ಈ ಎರಡು ಸ್ವರಗಳ ವ್ಯತ್ಯಾಸವೂ ಒಂದು ಸ್ವರವಾಗಿ ಕಾಣಿಸಿಕೊಳ್ಳುತ್ತದೆ. 104ರಲ್ಲಿ 69ನ್ನು ಕಳೆದರೆ 35. ಅದು ಮೀಟಿದ ಷಡ್ಜಕ್ಕಿಂತ ಸರಿಯಾಗಿ ಒಂದು ಸ್ಥಾಯಿ ಕೆಳಗಿನ ಷಡ್ಜ. ಯಾರೂ ಮೀಟದ ತಂತಿಯೊಂದು ಕೆಳಗಿನಿಂದ ನುಡಿದಂತಾಗುತ್ತದೆ.

ತಟ್ಟೆಯ ಮೇಲಿನ ಕಾಲುವೆ

ಇಷ್ಟು ಮಂದ್ರವಾದ ನಾದವನ್ನು ತಟ್ಟೆಯ ಮೇಲೆ ಬರೆಯುವುದು ಹೇಗೆ? ಎಲ್.ಪಿ. ತಟ್ಟೆಯ ಒಂದು ಮೈಯ ಮೇಲೆ ಇರುವುದು ಅಂಚಿನಿಂದ ನಡುವಿನವರೆಗೆ ಸುರುಳಿಯಾಗಿ ಸಾಗುವ ಒಂದೇ ಒಂದು ಸಣ್ಣ ಕಾಲುವೆ. ತಟ್ಟೆ ನಿಮಿಷಕ್ಕೆ 33⅓ ಸುತ್ತು ತಿರುಗುತ್ತದೆ. 22 ನಿಮಿಷಗಳ ಸಂಗೀತಕ್ಕೆ ಸುಮಾರು 733 ಸುತ್ತುಗಳು ಬೇಕು. ಇವೆಲ್ಲವನ್ನೂ ಸುಮಾರು 8½ ಸೆಂಟಿಮೀಟರು ಅಗಲದ ಪಟ್ಟಿಯಲ್ಲಿ ಅಡಕ ಮಾಡಬೇಕಾದುದರಿಂದ ಒಂದು ಸುತ್ತಿಗೂ ಪಕ್ಕದ ಸುತ್ತಿಗೂ ನಡುವೆ ದೊರೆಯುವ ಸ್ಥಳ ಸುಮಾರು 0.117 ಮಿಲಿಮೀಟರು ಮಾತ್ರ. ಕಾಲುವೆಯನ್ನು ಬಿಡಿಸಿ ನೇರವಾಗಿ ಹಾಸಿದರೆ ಅದರ ಉದ್ದ ಹೆಚ್ಚು ಕಡಿಮೆ ಅರ್ಧ ಕಿಲೋಮೀಟರು!

ಧ್ವನಿಗೆ ಅನುಸಾರವಾಗಿ ಈ ಕಾಲುವೆ ಅತ್ತಿತ್ತ ಓಲಾಡುತ್ತದೆ. ಮುಳ್ಳು ಆ ಓಲಾಟವನ್ನು ಓದುತ್ತದೆ. ಮುಳ್ಳಿನ ಓಲಾಟದ ವೇಗವನ್ನು ಒಂದೇ ಸಮನಾಗಿ ಇಡುವುದಾದರೆ ಸ್ವರ ಕೆಳಕ್ಕೆ ಇಳಿದಷ್ಟೂ ಓಲಾಟದ ವಿಸ್ತಾರ ಹೆಚ್ಚುತ್ತದೆ. ಆ ವೇಗ ಸೆಕೆಂಡಿಗೆ 5 ಸೆಂಟಿಮೀಟರು ಎಂದಿಟ್ಟುಕೊಳ್ಳೋಣ. ಸೆಕೆಂಡಿಗೆ 1,000 ಕಂಪನಗಳ ಸ್ವರಕ್ಕೆ ಕಾಲುವೆ ಒಂದು ಪಕ್ಕಕ್ಕೆ 0.008 ಮಿಲಿಮೀಟರು ಸರಿದರೆ ಸಾಕು. ನಮ್ಮ 69 ಕಂಪನಗಳ ಷಡ್ಜಕ್ಕೋ, 0.115 ಮಿಲಿಮೀಟರು ಸರಿಯಬೇಕು. ಅಂದರೆ ಅದು ಪಕ್ಕದ ಸುತ್ತಿನ ಮನೆಯೊಳಕ್ಕೇ ನುಗ್ಗಿದಂತೆ!

ಇದಕ್ಕೆ ಪರಿಹಾರವಾಗಿ 1954ರಿಂದ ಒಂದು ಕ್ರಮ ಬಳಕೆಗೆ ಬಂದಿದೆ. ತಟ್ಟೆಯನ್ನು ಕೊರೆಯುವಾಗ ಮಂದ್ರ ಸ್ವರಗಳನ್ನು ಗೊತ್ತಾದ ಪ್ರಮಾಣದಲ್ಲಿ ಕುಗ್ಗಿಸುತ್ತಾರೆ, ತಾರ ಸ್ವರಗಳನ್ನು ಹಿಗ್ಗಿಸುತ್ತಾರೆ. 1,000 ಕಂಪನಗಳ ಸ್ವರಕ್ಕೆ ಹೋಲಿಸಿದರೆ 50 ಕಂಪನಗಳ ಸ್ವರ ಸುಮಾರು ಏಳರಲ್ಲಿ ಒಂದು ಪಾಲಾಗುತ್ತದೆ. 10,000 ಕಂಪನಗಳದ್ದು ಸುಮಾರು ಐದು ಪಟ್ಟಾಗುತ್ತದೆ. ಕೇಳುವಾಗ ಮನೆಯ ವರ್ಧಕ ಇದನ್ನು ತಿರುಗುಮುರುಗು ಮಾಡಿ ಮೊದಲಿನ ಪ್ರಮಾಣಕ್ಕೆ ತರುತ್ತದೆ.

ಹೀಗೆ ಮಾಡಿದರೂ ಸ್ಥಳದ ಪ್ರಶ್ನೆ ಪೂರ್ತಿಯಾಗಿ ಬಗೆಹರಿಯುವುದಿಲ್ಲ. ತಟ್ಟೆ ಕೊರೆಯುವ ತಜ್ಞನ ಮುಂದೆ ಮೂರು ಬೇಡಿಕೆಗಳು ನಿಂತಿರುತ್ತವೆ: ಹಾಡು ದೀರ್ಘವಾಗಿರಬೇಕು, ಗಟ್ಟಿಯಾಗಿರಬೇಕು, ಮಂದ್ರವಾಗಿರಬೇಕು. ಒಂದು ಮೈಗೆ 30 ನಿಮಿಷ ತುಂಬಿದರೆ ಸುತ್ತುಗಳು ಸಾವಿರವಾಗಿ ಪ್ರತಿಯೊಂದಕ್ಕೂ ಸಿಗುವ ಸ್ಥಳ 0.086 ಮಿಲಿಮೀಟರಿಗೆ ಇಳಿಯುತ್ತದೆ. ಆಗ ಧ್ವನಿಯನ್ನು ತಗ್ಗಿಸದೆ ವಿಧಿಯಿಲ್ಲ. ಡೂಮ್ ಮೆಟಲ್ ಈ ಮೂರನ್ನೂ ಒಟ್ಟಿಗೆ ಕೇಳುತ್ತದೆ. ಆದುದರಿಂದಲೇ ತಟ್ಟೆಗೆ ಅದು ಕಠಿಣ ಪರೀಕ್ಷೆ.

ಅರವತ್ತಮೂರು ನಿಮಿಷಗಳ ಒಂದೇ ಹಾಡು

ಈ ಪರೀಕ್ಷೆಗೆ ಪ್ರಸಿದ್ಧವಾದ ಉದಾಹರಣೆ ಅಮೆರಿಕದ ಕ್ಯಾಲಿಫೋರ್ನಿಯದ 'ಸ್ಲೀಪ್' ಎಂಬ ತಂಡದ ಧ್ವನಿಮುದ್ರಿಕೆ. 1990ರ ದಶಕದ ನಡುವಿನಲ್ಲಿ ಈ ತಂಡ ಒಂದು ಗಂಟೆಗೂ ಮೀರಿದ ಒಂದೇ ಹಾಡನ್ನು ಧ್ವನಿಮುದ್ರಿಸಿತು. ಹಣ ಒದಗಿಸಿದ್ದ ಸಂಸ್ಥೆ ಅದನ್ನು ಹೊರತರಲು ಒಪ್ಪಲಿಲ್ಲ, ತಂಡವೂ ಚದುರಿಹೋಯಿತು. 1999ರಲ್ಲಿ 'ಜೆರೂಸಲೆಮ್' ಎಂಬ ಹೆಸರಿನಿಂದ ಸುಮಾರು 52 ನಿಮಿಷಗಳ ರೂಪವೊಂದು ಆರು ಭಾಗಗಳಾಗಿ ಹೊರಬಂದಿತು. 2003ರಲ್ಲಿ 'ಡೋಪ್‌ಸ್ಮೋಕರ್' ಎಂಬ ಹೆಸರಿನಿಂದ ಸುಮಾರು 63 ನಿಮಿಷಗಳ ತುಂಬು ರೂಪ ಬೆಳಕು ಕಂಡಿತು.

ಈ 63 ನಿಮಿಷಗಳನ್ನು ಬೇರೆ ಬೇರೆ ವಾಹಕಗಳ ಮೇಲೆ ಹೊರಿಸಿ ನೋಡಿ. ಎಲ್.ಪಿ. ತಟ್ಟೆಯಲ್ಲಿ ಮೈಯೊಂದಕ್ಕೆ 22 ನಿಮಿಷದಂತೆ ಮೂರು ಮೈಗಳು ಬೇಕು. ನಿರಂತರವಾಗಿ ಹರಿಯಬೇಕಾದ ನಾದವನ್ನು ಎರಡು ಸಲ ತುಂಡರಿಸಬೇಕು. ಕೇಳುವವನು ಎರಡು ಸಲ ಎದ್ದು ತಟ್ಟೆಯನ್ನು ತಿರುವಿ ಹಾಕಬೇಕು ಇಲ್ಲವೆ ಬದಲಿಸಬೇಕು.

1963ರಲ್ಲಿ ಫಿಲಿಪ್ಸ್ ಸಂಸ್ಥೆ ಪರಿಚಯಿಸಿದ ಕ್ಯಾಸೆಟ್ಟಿನ ಟೇಪು 3.81 ಮಿಲಿಮೀಟರು ಅಗಲವಿದ್ದು ಸೆಕೆಂಡಿಗೆ 4.76 ಸೆಂಟಿಮೀಟರಿನಂತೆ ಸಾಗುತ್ತದೆ. ಇಲ್ಲಿ ಧ್ವನಿಯ ಲಿಪಿ ಕಾಂತತ್ವ. ಮಂದ್ರ ಸ್ವರಕ್ಕಾಗಿ ಅಕ್ಕಪಕ್ಕದಲ್ಲಿ ಹೆಚ್ಚಿನ ಸ್ಥಳ ಬೇಕಿಲ್ಲ. ಆದರೆ ಟೇಪಿನ ಕಾಂತಕಣಗಳು ಒಂದು ಮಿತಿಯವರೆಗೆ ಮಾತ್ರ ಕಾಂತತ್ವವನ್ನು ಹಿಡಿಯಬಲ್ಲವು. ಮಿತಿ ಮುಟ್ಟಿದಾಗ ಧ್ವನಿತರಂಗದ ತುದಿಗಳು ಮೊಂಡಾಗುತ್ತವೆ. ಮೆಲುದನಿಗಳನ್ನೋ ಟೇಪಿನದೇ ಆದ 'ಸುಸ್ಸ್' ಎಂಬ ಸದ್ದು ಮುಸುಕುತ್ತದೆ. ಪ್ರತಿಯಿಂದ ಪ್ರತಿ ತೆಗೆದಂತೆಲ್ಲ ಈ ಸದ್ದು ಬೆಳೆಯುತ್ತ ಹೋಗುತ್ತದೆ. 120 ನಿಮಿಷಗಳ ಕ್ಯಾಸೆಟ್ಟಿನಲ್ಲೂ ಒಂದು ಮೈಗೆ 60 ನಿಮಿಷವೇ. ನಮ್ಮ ಹಾಡಿಗೆ ಇನ್ನೂ ಮೂರು ನಿಮಿಷ ಸಾಲದು!

1982ರಲ್ಲಿ ಮಾರುಕಟ್ಟೆಗೆ ಬಂದ ಸಿ.ಡಿ.ಯಲ್ಲಿ ಧ್ವನಿ ಅಂಕಿಗಳಾಗಿ ಮಾರ್ಪಡುತ್ತದೆ. ತರಂಗದ ಎತ್ತರವನ್ನು ಸೆಕೆಂಡಿಗೆ 44,100 ಸಲ ಅಳೆದು, ಪ್ರತಿಯೊಂದು ಅಳತೆಯನ್ನೂ 65,536 ಮೆಟ್ಟಿಲುಗಳಲ್ಲಿ ಒಂದಾಗಿ ಬರೆದಿಡುತ್ತಾರೆ. 63 ನಿಮಿಷಗಳಿಗೆ ಎಡ ಬಲಗಳಲ್ಲಿ ಒಂದೊಂದಕ್ಕೂ 16 ಕೋಟಿ 66 ಲಕ್ಷಕ್ಕೂ ಹೆಚ್ಚು ಅಳತೆಗಳು. ಸ್ವರ ಮಂದ್ರವಾಗಿರಲಿ ತಾರವಾಗಿರಲಿ, ಗಟ್ಟಿಯಾಗಿರಲಿ ಮೆಲುವಾಗಿರಲಿ, ಅಂಕಿಗಳ ಎಣಿಕೆ ಒಂದೇ. 74 ನಿಮಿಷ ಹಿಡಿಯುವ ಸಿ.ಡಿ.ಯಲ್ಲಿ ಇಡೀ ಹಾಡು ತುಂಡಾಗದೆ ಕುಳಿತುಕೊಳ್ಳುತ್ತದೆ.

ಹಾಗಾದರೆ ಚರ್ಚೆ ಮುಗಿಯಿತೆ? ಇಲ್ಲ. 65,536 ಮೆಟ್ಟಿಲುಗಳ ಮೇಲೆ ಇನ್ನೊಂದು ಮೆಟ್ಟಿಲಿಲ್ಲ. ತಮ್ಮ ಸಿ.ಡಿ. ಇತರರದಕ್ಕಿಂತ ಗಟ್ಟಿಯಾಗಿ ಕೇಳಲೆಂದು ಅನೇಕ ತಯಾರಕರು ಮೆಲುದನಿಗಳನ್ನು ಎತ್ತರಿಸಿ ಶಿಖರಗಳನ್ನು ತಟ್ಟಿ ಸಮ ಮಾಡುವ ರೂಢಿ ಬೆಳೆಸಿದರು. ಒಂದು ಪೆಟ್ಟಿಗೂ ಮುಂದಿನ ಪೆಟ್ಟಿಗೂ ನಡುವಿನ ಮೌನವನ್ನೇ ನಂಬಿರುವ ವಿಳಂಬ ಸಂಗೀತಕ್ಕೆ ಇದು ದೊಡ್ಡ ನಷ್ಟ. ಅದೇ ಸಂಗೀತದ ಎಲ್.ಪಿ. ತಟ್ಟೆಯನ್ನು ಬೇರೆ ತಜ್ಞ ಬೇರೆ ಸಂಯಮದಿಂದ ಸಿದ್ಧಪಡಿಸಿದ್ದರೆ, ವಾಹಕ ಹಳೆಯದಾದರೂ ಅದೇ ಹೆಚ್ಚು ಹಿತವಾಗಿ ಕೇಳಬಹುದು. ಮೇಲ್ಮೆ ತಟ್ಟೆಯದೂ ಅಲ್ಲ, ಸಿ.ಡಿ.ಯದೂ ಅಲ್ಲ, ವಾಹಕದ ಮಿತಿಯನ್ನು ಅರಿತು ಕೆಲಸ ಮಾಡಿದ ಕೈಯದು.

ಬರೆಯದೆ ಹೋದದ್ದು

ಈ ವಿಚಾರ ಗಿಟಾರಿನ ಸಂಗೀತಕ್ಕೆ ಮಾತ್ರ ಸೇರಿದ್ದೆಂದು ತಿಳಿಯಬೇಡಿ. 1902ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ತಟ್ಟೆಗಾಗಿ ಹಾಡಿದರು. ಮುಂದೆ ಮೈಸೂರಿನ ಆಸ್ಥಾನಕ್ಕೆ ಬಂದು 1930ರಲ್ಲಿ ಅಲ್ಲಿಯೇ ತೀರಿಕೊಂಡವರು ಈಕೆ. ನಮ್ಮ ಬೆಂಗಳೂರು ನಾಗರತ್ನಮ್ಮನವರ ಗಾಯನವೂ ಹಳೆಯ ತಟ್ಟೆಗಳ ಮೇಲೆ ಉಳಿದಿದೆ. ನಿಮಿಷಕ್ಕೆ 78 ಸುತ್ತು ತಿರುಗುವ ಹತ್ತು ಅಂಗುಲದ ಆ ತಟ್ಟೆಯ ಒಂದು ಮೈಗೆ ಹಿಡಿಯುತ್ತಿದ್ದುದು ಮೂರು ನಿಮಿಷಗಳಿಗೆ ತುಸು ಹೆಚ್ಚು. 1925ರಲ್ಲಿ ಮೈಕ್ರೊಫೋನಿನ ಬಳಕೆ ಬರುವವರೆಗೆ ಗಾಯಕರು ಕೊಂಬಿನಾಕಾರದ ಕೊಳವೆಯ ಮುಂದೆ ಹಾಡಬೇಕಾಗಿತ್ತು. 200 ಕಂಪನಗಳಿಗಿಂತ ಕೆಳಗಿನ ಸ್ವರಗಳು ಅದರಲ್ಲಿ ಇಳಿಯುತ್ತಿದ್ದುದೇ ವಿರಳ.

ಗಂಟೆಗಟ್ಟಲೆ ರಾಗವನ್ನು ವಿಸ್ತರಿಸಬಲ್ಲವರು ಮೂರು ನಿಮಿಷಗಳಲ್ಲಿ ಮುಗಿಸಿದರು. ಅವರ ಬೆನ್ನ ಹಿಂದಿನ ಮಂದ್ರನಾದ ಮೇಣದ ಮೇಲೆ ಗುರುತು ಮೂಡಿಸಲೇ ಇಲ್ಲ. ಸ್ಲೀಪ್ ತಂಡದ ಹಾಡು ಮೊದಲು ಮೊಟಕಾಗಿ ಬಂದರೂ ಅದರ ತುಂಬು ರೂಪ ಮೂಲದಲ್ಲಿ ದಾಖಲಾಗಿತ್ತು. ಕೆಲವು ವರ್ಷಗಳ ಮೇಲೆ ಅದನ್ನು ಹೊರತೆಗೆಯುವುದು ಸಾಧ್ಯವಾಯಿತು. ಆ ವಿದ್ವಾಂಸರ ಆಲಾಪನೆ ಮೂಲದಲ್ಲಿಯೇ ದಾಖಲಾಗಲಿಲ್ಲ. ಸವೆದ ತಟ್ಟೆಯನ್ನು ಇಂದಿನ ಯಂತ್ರಗಳಿಂದ ಶುದ್ಧಿ ಮಾಡಬಹುದು. ಬರೆಯದೆ ಇದ್ದುದನ್ನು ಯಾವ ಯಂತ್ರವೂ ಓದಲಾರದು.

ಆದುದರಿಂದ ಬಸವನಗುಡಿಯಲ್ಲೋ ಮಲ್ಲೇಶ್ವರದಲ್ಲೋ ಹಳೆಯ ಮನೆಯೊಂದನ್ನು ಖಾಲಿ ಮಾಡುವಾಗ ಅಟ್ಟದ ಮೇಲೆ ತಟ್ಟೆಗಳ ಕಟ್ಟೋ ಟೇಪಿನ ಸುರುಳಿಯೋ ಕಂಡರೆ ಹಳೆ ಸಾಮಾನಿನವನಿಗೆ ಕೊಡುವ ಮೊದಲು ಒಂದು ಸಲ ಕೇಳಿ ನೋಡಿ. ಅದು ಅಜ್ಜಿ ಕಲಿತ ಕೀರ್ತನೆಯಾಗಿರಬಹುದು, ಚಿಕ್ಕಪ್ಪನ ಗಿಟಾರ್ ತಂಡದ ಒಂದೇ ಒಂದು ಪ್ರತಿಯಾಗಿರಬಹುದು. ಬೇವಾರ್ಸಿ ಎಂಬ ಮಾತನ್ನು ಒಂದು ತಂಡ ತಮಾಷೆಗಾಗಿ ಹೆಸರಾಗಿ ಇಟ್ಟುಕೊಂಡರೆ ಅಡ್ಡಿಯಿಲ್ಲ. ನಾದಕ್ಕೆ ಆ ಗತಿ ಬರಬಾರದು.