ಬೇಳೆಯೊಳಗಿನ ವೇಷಧಾರಿ

ಗೋಕಾಕ, ಮೂಡಲಗಿ, ಹುಕ್ಕೇರಿಯ ಸಂತೆಗಳಲ್ಲಿ ತೊಗರಿಬೇಳೆಯನ್ನು ಅಂಗೈಯಲ್ಲಿ ಹರಡಿ ನೋಡುವ ಗೃಹಿಣಿಯ ಎಚ್ಚರ ವ್ಯರ್ಥವಲ್ಲ. ತೊಗರಿಗೆ ಕಲಬೆರಕೆ ಮಾಡುವ ಕೇಸರಿಬೇಳೆ ನರಗಳ ವೈರಿ. ಬರಗಾಲದಲ್ಲಿ ತಿಂಗಳುಗಟ್ಟಲೆ ಅದನ್ನೇ ಉಂಡು ಬದುಕಿದ ಮಧ್ಯಪ್ರದೇಶ, ಬಿಹಾರಗಳ ಎಷ್ಟೋ ಬಡವರ ಕಾಲುಗಳು ಶಾಶ್ವತವಾಗಿ ಸೆಟೆದುಹೋದವು.

ಅದರೊಳಗಿನ ನಂಜನ್ನು 1964ರಲ್ಲಿ ಬೇರ್ಪಡಿಸಿ ಗುರುತಿಸಿದವರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಾವ್, ಅಡಿಗ, ಶರ್ಮರೂ ಸೇರಿದ್ದಾರೆ. ಅದು ಕೊಲ್ಲುವ ಬಗೆ ತಿಳಿದದ್ದು ಮಾತ್ರ ಬಹುಕಾಲದ ಮೇಲೆ. ನರಕೋಶಗಳ ನಡುವೆ ಸುದ್ದಿ ಒಯ್ಯುವ ರಾಸಾಯನಿಕಗಳಲ್ಲಿ ಗ್ಲುಟಮೇಟ್ ಮುಖ್ಯವಾದುದು; ಅದನ್ನು ಬರಮಾಡಿಕೊಳ್ಳಲು ಕೋಶದ ಮೈಮೇಲೆ ಗ್ರಾಹಕಗಳೆಂಬ ಬಾಗಿಲುಗಳಿವೆ. ನಂಜು ಗ್ಲುಟಮೇಟಿನ ವೇಷದಲ್ಲಿ ಬಂದು ಅವನ್ನು ತಟ್ಟುತ್ತಲೇ ಇರುತ್ತದೆ. ಕೆರಳಿ ಕೆರಳಿ ಕೋಶ ಸಾಯುತ್ತದೆ.

ಹೇರಳ ನೀರಿನಲ್ಲಿ ನೆನೆಸಿ, ಬೇಯಿಸಿ, ಆ ನೀರನ್ನು ಚೆಲ್ಲಿದರೆ ನಂಜು ಬಹುಮಟ್ಟಿಗೆ ಇಳಿಯುತ್ತದೆ. ಬರಗಾಲದಲ್ಲಿ ಅಷ್ಟು ನೀರೆಲ್ಲಿ?