ಹುಳು ಬೆಳೆಸಿದ ಮುಂದಾಳು

ಎಳ್ಳುಕಾಳಿಗಿಂತಲೂ ಚಿಕ್ಕದಾದ ಕಪ್ಪು ಹುಳುವೊಂದು ಕೊಡಗಿನ ಕಾಫಿ ತೋಟಗಳಿಗೆ ನುಗ್ಗಿದ್ದು ಕಳೆದ ಶತಮಾನದ ತೊಂಬತ್ತರ ದಶಕದಲ್ಲಿ. ಆಫ್ರಿಕಾ ಮೂಲದ ಈ ಕಾಯಿಕೊರಕ ಭಾರತದಲ್ಲಿ ಮೊದಲು ಕಂಡದ್ದು 1990ರಲ್ಲಿ, ನೀಲಗಿರಿಯ ಗುಡಲೂರಿನ ಬಳಿ. ಅಲ್ಲಿಂದ ವಯನಾಡು, ವಯನಾಡಿಗೂ ಕೊಡಗಿಗೂ ನಡುವೆ ಇರುವುದು ಒಂದು ಗಡಿ ಮಾತ್ರ. ಬೆಳೆಗಾರರ ಬಾಯಲ್ಲಿ ಇದು ಬರೀ 'ಬೋರರ್'.

ಹುಳುವಿನಿಂದಾದ ನಷ್ಟದ ಮಾತು ಬೇಕಾದಷ್ಟು ನಡೆದಿದೆ. ಅದರ ಬೆನ್ನು ಹತ್ತಿ ತೋಟದಿಂದ ತೋಟಕ್ಕೆ ಅಲೆದ ಕಾಫಿ ಮಂಡಳಿಯ ವಿಸ್ತರಣಾ ವಿಭಾಗದವರ ಮಾತು ನಡೆದದ್ದು ಕಡಿಮೆ. ಕಿರಿಯ ಸಂಪರ್ಕಾಧಿಕಾರಿ, ಹಿರಿಯ ಸಂಪರ್ಕಾಧಿಕಾರಿ ಎಂಬ ಹುದ್ದೆಯ ಹೆಸರುಗಳು ಕಚೇರಿಯ ಹೊರಗೆ ಯಾರಿಗೂ ನೆನಪಿರುವುದಿಲ್ಲ. ಜನರಿಗೆ ಅವರು 'ಕಾಫಿ ಬೋರ್ಡಿನವರು' ಅಷ್ಟೆ.

ಅವರ ಕೆಲಸದ ಕಷ್ಟ ತಿಳಿಯಬೇಕಾದರೆ ಹುಳುವಿನ ಬದುಕು ಸ್ವಲ್ಪ ತಿಳಿದಿರಬೇಕು. ಹೆಣ್ಣು ಹುಳು ಕಾಯಿಯ ತುದಿಯಲ್ಲಿ ತೂತು ಕೊರೆದು ಒಳಹೊಕ್ಕು, ಬೀಜದಲ್ಲೇ ಮೊಟ್ಟೆಯಿಡುತ್ತದೆ. ಮರಿಗಳು ಬೀಜವನ್ನೇ ತಿಂದು ಬೆಳೆಯುತ್ತವೆ. ಒಂದು ತಲೆಮಾರಿಗೆ ಹೆಚ್ಚುಕಡಿಮೆ ಒಂದು ತಿಂಗಳು. ಗಂಡು ಹಾರಲಾರದು, ಹುಟ್ಟಿದ ಕಾಯಿಯೇ ಅದರ ಪ್ರಪಂಚ. ಹೆಣ್ಣು ಮಾತ್ರ ಅಲ್ಲೇ ಗರ್ಭ ಕಟ್ಟಿ ಹೊರಬಂದು ಹೊಸ ಕಾಯಿ ಹುಡುಕುತ್ತದೆ. ಮೇಲೆ ಔಷಧಿ ಸಿಂಪಡಿಸಿದರೆ ಒಳಗೆ ಕುಳಿತ ಹುಳುವಿಗೆ ತಾಗುವುದು ಕಷ್ಟ. ಕೊಯ್ಲು ಮುಗಿದ ಮೇಲೂ ನೆಲಕ್ಕುದುರಿದ ಹಣ್ಣು, ಗಿಡದಲ್ಲಿ ಉಳಿದ ಒಂದೆರಡು ಕಾಯಿಗಳಲ್ಲಿ ಅಡಗಿ ಮುಂದಿನ ಫಸಲಿನವರೆಗೆ ಕಾಯುತ್ತದೆ.

ಹಾಗಾಗಿ ಒಬ್ಬ ಬೆಳೆಗಾರ ಎಷ್ಟೇ ಶ್ರದ್ಧೆಯಿಂದ ತೋಟ ಚೊಕ್ಕಟ ಮಾಡಿದರೂ ಪಕ್ಕದವನು ಉದುರು ಹಣ್ಣು ಬಿಟ್ಟರೆ ಎಲ್ಲ ವ್ಯರ್ಥ! ಇಲ್ಲಿ ಸಲಹೆ ಕೊಟ್ಟು ಬರುವವನು ಸಾಲದು, ಊರನ್ನೇ ಒಟ್ಟಿಗೆ ಕರೆದೊಯ್ಯುವವನು ಬೇಕು.

ಸಲಹೆಗಳೇನೋ ಸರಳವಾಗಿದ್ದವು. ಸಕಾಲದಲ್ಲಿ ಕೊಯ್ಲು, ಗಿಡದ ಕೆಳಗೆ ಚಾಪೆ ಹಾಸುವುದು, ಉದುರು ಹಣ್ಣು ಆಯುವುದು, ಹುಳುಕು ಹಣ್ಣನ್ನು ಎರಡು ನಿಮಿಷ ಕುದಿನೀರಿಗೆ ಅದ್ದುವುದು, ಕಣದಲ್ಲಿ ಚೆನ್ನಾಗಿ ಒಣಗಿಸುವುದು. ಬ್ಯೂವೇರಿಯಾ ಎಂಬ ಶಿಲೀಂಧ್ರದ ಬಳಕೆ ಮುಂದೆ ಸೇರಿತು. ಕಷ್ಟವಿದ್ದದ್ದು ಕೂಲಿಯ ಲೆಕ್ಕದಲ್ಲಿ. ಕಿಲೋ ಲೆಕ್ಕದಲ್ಲಿ ಕೊಯ್ಯುವ ಹೆಂಗಸು ತುಂಬಿದ ರೆಂಬೆ ಬಿಟ್ಟು ನೆಲದಲ್ಲಿ ಬಿದ್ದ ನಾಲ್ಕು ಹಣ್ಣನ್ನು ಏಕೆ ಆಯುತ್ತಾಳೆ? ಬೆನ್ನು ಬಾಗಿಸಿದ್ದಕ್ಕೆ ಬೇರೆ ಕೂಲಿ ಬೇಕು. ಹುಳುಶಾಸ್ತ್ರ ಕಲಿತು ಬಂದ ಅಧಿಕಾರಿ ಅರ್ಥಶಾಸ್ತ್ರವನ್ನೂ ತೋಟದಲ್ಲೇ ಕಲಿಯಬೇಕಾಯಿತು. ಮಾಲೀಕನ ಎದುರು ಒಂದು ಮಾತು, ರೈಟರ್, ಮೇಸ್ತ್ರಿಗಳ ಎದುರು ಇನ್ನೊಂದು, ಲೈನ್ ಮನೆಯ ಅಂಗಳದಲ್ಲಿ ಮತ್ತೊಂದು. ಕೊಡವ ತಕ್ಕ್, ಅರೆಭಾಷೆ, ಮಲಯಾಳಂ, ತಮಿಳು ಕಿವಿಗೆ ಬೀಳುವ ಜಿಲ್ಲೆಯಲ್ಲಿ ಕನ್ನಡ, ಇಂಗ್ಲಿಷ್ ಎರಡನ್ನೇ ನೆಚ್ಚಿಕೊಂಡರೆ ನಡೆಯದು.

ಇದೇ ಹೊತ್ತಿಗೆ ಇನ್ನೊಂದು ಬದಲಾವಣೆಯೂ ಬಂತು. ಎರಡನೇ ಮಹಾಯುದ್ಧದ ಕಾಲದಿಂದ ಬೆಳೆಗಾರರ ಕಾಫಿ ಮಂಡಳಿಯ ಪೂಲ್‌ಗೆ ಸೇರುತ್ತಿತ್ತು. ತೊಂಬತ್ತರ ದಶಕದಲ್ಲಿ ಆ ಕಟ್ಟು ಹಂತಹಂತವಾಗಿ ಸಡಿಲಗೊಂಡು, 1996ರ ಹೊತ್ತಿಗೆ ಮಾರಾಟ ಪೂರ್ತಿ ಮುಕ್ತವಾಯಿತು. ಕಾಫಿಯನ್ನು ಕೊಳ್ಳುವ ಸಂಸ್ಥೆಯವರು ಎಂಬ ತೂಕ ಸಂಪರ್ಕಾಧಿಕಾರಿಗೆ ಇಲ್ಲವಾಯಿತು. ಇನ್ನು ಬಾಗಿಲಲ್ಲಿ ನಿಂತವನಿಗೆ ಕುರ್ಚಿ ಸಿಗಬೇಕಾದರೆ ಅದು ಅವನ ತಿಳಿವಳಿಕೆಗಾಗಿ ಮಾತ್ರ. ಆದದ್ದು ಒಳ್ಳೆಯದೇ ಎನ್ನಬೇಕು. ಅಧಿಕಾರದ ಬಲವಿಲ್ಲದೆ ಹತ್ತು ಜನರನ್ನು ಒಪ್ಪಿಸುವುದಕ್ಕೇ ಅಲ್ಲವೆ ಮುಂದಾಳುತನ ಎನ್ನುವುದು?

ಸಂಶೋಧನೆಯ ಬೆಂಬಲ ಹತ್ತಿರದಲ್ಲೇ ಇತ್ತು. ಚೆಟ್ಟಳ್ಳಿಯಲ್ಲಿ ಕಾಫಿ ಸಂಶೋಧನಾ ಉಪಕೇಂದ್ರ, ಅದಕ್ಕೂ ಹಿರಿಯದಾಗಿ ಬಾಳೆಹೊನ್ನೂರಿನ ಕೇಂದ್ರ ಕಾಫಿ ಸಂಶೋಧನಾ ಸಂಸ್ಥೆ. ಅಲ್ಲಿನ ಮಾತನ್ನು ತೋಟಕ್ಕೆ ತಲುಪಿಸಿದಷ್ಟೇ ಮುಖ್ಯ, ತೋಟದ ತಕರಾರನ್ನು ಅಲ್ಲಿಗೆ ಹಿಂದಕ್ಕೆ ಒಯ್ಯುವುದು. ಒಳ್ಳೆಯ ಅಧಿಕಾರಿ ಬೆಳೆಯುವುದು ಈ ಎರಡನೆಯ ಪ್ರಯಾಣದಲ್ಲಿ. 'ನಿಮ್ಮ ಸಲಹೆ ಸರಿ, ಆದರೆ ಆಳು ಸಿಗುವುದಿಲ್ಲ' ಎಂದು ವಿಜ್ಞಾನಿಯ ಮುಂದೆ ಹೇಳಲು ತೋಟ ಸುತ್ತಿದ ಧೈರ್ಯ ಬೇಕು.

ಈ ಬೆಳವಣಿಗೆಯನ್ನು ಅಳೆಯುವುದು ಹೇಗೆ? ನಡೆಸಿದ ಸಭೆ, ನೋಡಿದ ತೋಟ, ಹಂಚಿದ ಕರಪತ್ರಗಳನ್ನು ಎಣಿಸಿ ಬರೆದಿಡಬಹುದು. ಕೊರೆಯದೆ ಉಳಿದ ಕಾಯಿಯನ್ನು ಯಾವ ಕಾಲಂನಲ್ಲಿ ಬರೆಯುವುದು? ಸೇವಾಜ್ಯೇಷ್ಠತೆ ನೋಡಿ ಬಡ್ತಿ ಕೊಡುವುದು ಸುಲಭ. ಹತ್ತು ಮನೆಗಳನ್ನು ಒಂದೇ ವಾರದಲ್ಲಿ ಉದುರು ಹಣ್ಣು ಆಯಲು ಹೊರಡಿಸಿದವನನ್ನು ಗುರುತಿಸುವುದು ಸುಲಭವಲ್ಲ. ಅಂಥವನಿಗೆ ಹೆಚ್ಚಿನ ತರಬೇತಿಯ ಅವಕಾಶ, ಹೊಸಬರಿಗೆ ತೋಟದಲ್ಲೇ ಪಾಠ ಹೇಳುವ ಹೊಣೆ ಸಿಗುವುದು ಸನ್ಮಾನದ ಶಾಲಿಗಿಂತ ಹೆಚ್ಚು ಉಪಯುಕ್ತ.

ಬೋರರ್ ಕೊಡಗು ಬಿಟ್ಟು ಹೋಗಿಲ್ಲ. ಕೊಯ್ಲಿನ ದಿನಗಳಲ್ಲಿ ಬೆಳೆಗಾರ ಕಾಯಿಯೊಂದನ್ನು ಕಿತ್ತು, ತುದಿಯ ಸೂಜಿಮೊನೆಯಷ್ಟು ತೂತು ನೋಡಿ, ಉಗುರಿನಿಂದ ಸೀಳಿ ಪಕ್ಕದ ತೋಟದವನಿಗೆ ತೋರಿಸುತ್ತಾನೆ. ಅದನ್ನು ಅವನಿಗೆ ಮೊದಲು ತೋರಿಸಿಕೊಟ್ಟವರು ಅಷ್ಟರಲ್ಲಿ ಬೇರೆ ಊರಿಗೆ ವರ್ಗವಾಗಿ ಹೋಗಿರುತ್ತಾರೆ.